ಮನೆಮಂದಿಯೆಲ್ಲರ ಹೆಸರು

ನಮ್ಮ ಮಾವ ಶ್ರೀಶೈಲಪ್ಪನವರಿಗೆ ಊರಲ್ಲಿ ಅರ್ಜಿಗೌಡ್ರು ಎಂದು ಹೆಸರು. ಅವರು ಗೌಡರೂ ಅಲ್ಲ, ವಕೀಲರೂ ಅಲ್ಲ. ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯ ಆಚೆ, ತೊಗರಿ ಜೋಳ ಬೆಳೆಯುವ ಮನುಷ್ಯ. ಆದರೆ ಯಾರ ಬದುವನ್ನು ಯಾರು ಒತ್ತಿದರೂ, ಯಾರ ಎತ್ತು ಯಾರ ಬೆಳೆಗೆ ಬಾಯಿ ಹಾಕಿದರೂ, ಪೊಲೀಸರಿಗೆ ಕೊಡುವ ದೂರು ಬರೆಸಲು ಜನ ನಮ್ಮ ಕಟ್ಟೆಗೇ ಬರುತ್ತಿದ್ದರು. ಇಂಡಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಮಾವ ಬಹಳ ತಿಳಿದವರು ಅಂದುಕೊಂಡಿದ್ದೆ. ಆಮೇಲೆ ಅವರು ಬರೆದ ಒಂದು ದೂರು ಓದಿದೆ. ತಲೆ ಕೆಟ್ಟುಹೋಯಿತು.

ಜಗಳಕ್ಕೆ ಬಂದವನು ಒಬ್ಬ. ದೂರಿನಲ್ಲಿ ಅವನ ಅಣ್ಣ, ತಮ್ಮ, ಮಕ್ಕಳು, ಕಾಕಾ ಎಲ್ಲರೂ ಇದ್ದರು. ಆ ಕಾಕಾ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ದೂರಿನಲ್ಲಿ ಮಾತ್ರ ಕೊಡಲಿ ಹಿಡಿದು ಓಡಿ ಬಂದಿದ್ದರು!

ಕೇಳಿದರೆ ಮಾವ, "ಮನಿಮಂದಿ ಎಲ್ಲಾರ ಹೆಸರೂ ಬರೀಬೇಕವಾ. ಒಬ್ಬನ್ನ ಬರದ್ರ ಪೊಲೀಸ್ರು ಕಿಮ್ಮತ್ತ ಕೊಡಂಗಿಲ್ಲ" ಎಂದರು.

ಮಾವನೊಬ್ಬರ ಚಾಳಿ ಎಂದು ಬೈದು ಸುಮ್ಮನಾಗುವ ಹಾಗೂ ಇಲ್ಲ. ಸುತ್ತಲಿನ ಊರುಗಳ ರೂಢಿಯೇ ಇದು. ಇವರು ಅವರ ಮನೆಮಂದಿಯ ಹೆಸರು ಬರೆಸಿದರೆ, ಸಂಜೆಯೊಳಗೆ ಅವರು ಹೋಗಿ ಇವರ ಮನೆಮಂದಿಯ ಹೆಸರು ಬರೆಸುತ್ತಾರೆ. ಕೌಂಟರ್ ಕೇಸು. ಕೆಲವು ತಿಂಗಳಾದ ಮೇಲೆ ಹಿರಿಯರು ಎರಡೂ ಕಡೆಯವರನ್ನು ಕೂಡಿಸಿ, ಚಹಾ ಕುಡಿಸಿ, ರಾಜಿ ಮಾಡಿಸುತ್ತಾರೆ. ನಮ್ಮ ದೂರದ ಸಂಬಂಧಿ ಸಿದ್ದಲಿಂಗನ ಹೆಸರನ್ನು ಒಮ್ಮೆ ಎದುರಿನವರು ಬಿಟ್ಟಿದ್ದರು. ಅವನು ಅವರ ಮನೆಗೇ ಹೋಗಿ, "ನನ್ನ ಹೆಸರ ಯಾಕ ಬಿಟ್ರಿ? ನಾ ಗಂಡಸಲ್ಲೇನು?" ಎಂದು ಕೂಗಾಡಿ ಬಂದ. ಇಂಥವರಿಗೆ ಏನು ಬುದ್ಧಿ ಹೇಳುವುದು?

ಹೋದ ವರ್ಷ ತೊಗರಿ ಹೂಬಿಡುವ ಹೊತ್ತಿಗೆ ಪಕ್ಕದ ಹೊಲದ ಚಂದಪ್ಪನ ಕುರಿಗಳು ನಮ್ಮ ಹೊಲಕ್ಕೆ ನುಗ್ಗಿದವು. ಮಾವ ಬದುವಿನ ಮೇಲೆ ನಿಂತು ಬೈದರು, ಅವನೂ ಬೈದ. ಮಾವ ಮೊಣಕೈ ತರಚಿಕೊಂಡು ಮನೆಗೆ ಬಂದರು. ಬಂದವರೇ ಅರಿಶಿನ ಹಚ್ಚಿಸಿಕೊಳ್ಳುವುದಕ್ಕೂ ಮೊದಲು ದೂರು ಬರೆಯಲು ಕೂತರು. ಚಂದಪ್ಪ, ಅವನ ತಮ್ಮಂದಿರು, ಅವನ ಮಗ ಯುವರಾಜ, ಎಲ್ಲರೂ ಕೂಡಿ ಬಡಿದರು ಎಂದು ಬರೆದರು. ಸಂಜೆಗೆ ಚಂದಪ್ಪನೂ ಠಾಣೆಗೆ ಹೋಗಿ, ಮಾವ ಮತ್ತು ನನ್ನ ಗಂಡ ಚೇತನಕುಮಾರ ತನ್ನನ್ನು ಬಡಿದರು ಎಂದು ಬರೆಸಿ ಬಂದ. ನನ್ನ ಗಂಡ ಬಸವನ ಬಾಗೇವಾಡಿಯ ಸರ್ಕಾರಿ ಶಾಲೆಯ ಮಾಸ್ತರ. ಆ ಹೊತ್ತಿಗೆ ಅವರು ತರಗತಿಯಲ್ಲಿ ಪಾಠ ಮಾಡುತ್ತಿದ್ದರು.

ಇನ್ನು ಯುವರಾಜ. ಅವತ್ತು ಅವನು ವಿಜಯಪುರದ ಪೊಲೀಸ್ ಮೈದಾನದಲ್ಲಿ, ಎದೆಗೆ ನಂಬರ್ ಅಂಟಿಸಿಕೊಂಡು, ಕಾನ್‌ಸ್ಟೇಬಲ್ ಭರ್ತಿಗಾಗಿ ಓಡುತ್ತಿದ್ದ. ಓಡಿಸಿದವರೂ ಪೊಲೀಸರು, ವಿಡಿಯೋ ಮಾಡಿದವರೂ ಪೊಲೀಸರು. ನಮ್ಮ ಮಾವ ಹೋಗಿ ಹೋಗಿ ಅಂಥವನ ಹೆಸರು ಬರೆದಿದ್ದರು.

ಯುವರಾಜ ಪಾಸಾದ. ಕೆಲಸ ಕೊಡುವ ಮುಂಚೆ ಯಾವುದಾದರೂ ಕೇಸು ಇದೆಯೇ ಎಂದು ವಿಚಾರಿಸುತ್ತಾರಲ್ಲ, ಅಲ್ಲಿ ಸಿಕ್ಕಿಬಿದ್ದ. ಅವನ ತಾಯಿ ಶೇವಂತೆವ್ವ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊರಗೇ ನಿಂತಳು.

"ಗೌಡ್ರ, ಅವರಪ್ಪಗ ಏನ ಮಾಡ್ತೀರಿ ಮಾಡ್ರಿ. ಹುಡುಗನ ಹೆಸರಷ್ಟ ತಗಸ್ರಿ. ಮೂರ ವರ್ಷ ಓಡ್ಯಾನ್ರಿ ಇದಕ್ಕ."

ಓಡಿದ್ದನ್ನು ಮಾವನೇ ನೋಡಿದ್ದರು. ದಿನಾ ಬೆಳಿಗ್ಗೆ ಅವನು ಡಾಂಬರು ರಸ್ತೆಯಲ್ಲಿ ಹಾದುಹೋಗುವಾಗ ಕಟ್ಟೆಯ ಮೇಲಿಂದ, "ಓಡಲೇ ತಮ್ಮಾ, ಬಿಡಬ್ಯಾಡ!" ಎಂದು ಕೂಗುತ್ತಿದ್ದರು. ಅವನ ಮೇಲೆ ಸಿಟ್ಟಿದ್ದು ಬರೆದಿದ್ದರೆ ನನಗೆ ಅರ್ಥವಾದರೂ ಆಗುತ್ತಿತ್ತು.

"ಆ ಹುಡುಗನ ಮ್ಯಾಲ ನನಗ ಏನೂ ಇಲ್ಲವಾ," ಎಂದರು ಮಾವ, ಶೇವಂತೆವ್ವ ಹೋದ ಮೇಲೆ. "ಮನಿಮಂದೀದ ಬರೀವಾಗ ಅವಂದೂ ಬಂತು. ಈಗ ಅವಂದ ತಗದ್ರ, ಉಳದದ್ದೂ ಸುಳ್ಳ ಅಂತಾರ."

"ಉಳಿದದ್ದು ಖರೇ ಐತೇನ್ರಿ ಮಾವಾರ?"

ಅವರು ಟವೆಲ್ ಕೊಡವಿ ಎದ್ದುಹೋದರು.

ನನಗೆ ರೇಗಿಹೋಯಿತು. ಒಬ್ಬನ ಅನ್ನಕ್ಕೆ ಮಣ್ಣು ಹಾಕಿ, ಇವರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸಿಕೊಂಡು ಕೂರುವುದೇ? ನೀವು ಠಾಣೆಗೆ ಹೋಗಿ ಖರೆ ಹೇಳುವತನಕ ನಾನು ರೊಟ್ಟಿ ಬಡಿಯುವುದಿಲ್ಲ ಎಂದು ಹೇಳಿಬಿಟ್ಟೆ. ಅತ್ತೆ ಸುಮಿತ್ರಾಬಾಯಿ ನನ್ನ ವಿರುದ್ಧ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಮುಂಗೈ ಹಿಡಿದುಕೊಂಡು, "ನಂದೂ ಕೈ ನೋಯಾಕತ್ತೈತಿ" ಎಂದು ಗೋಡೆಗೆ ಒರಗಿ ಕೂತರು. ಮಾವ ಸೆಟೆದುಕೊಂಡು ಮುದ್ದೇಬಿಹಾಳಕ್ಕೆ ಬಸ್ ಹತ್ತಿ ಖಾನಾವಳಿಯಲ್ಲಿ ಉಂಡು ಬರತೊಡಗಿದರು. ಅಲ್ಲಿಯ ಎಣ್ಣೆಗಾಯಿಗೆ ಹೊಟ್ಟೆ ಕೆಟ್ಟಿತು. ಹೊಟ್ಟೆ ಹಿಡಿದುಕೊಂಡೇ, "ನಡಿ, ಹೋಗೂಣು" ಎಂದರು.

ಠಾಣೆಯಲ್ಲಿ ಸಾಹೇಬರು ಸಮಾಧಾನದಿಂದಲೇ ಕೂರಿಸಿದರು. ಅವತ್ತು ಹೊಲದಲ್ಲಿ ಯುವರಾಜ ಇರಲಿಲ್ಲ ಎಂದರು ಮಾವ.

"ಅವನ ಕಾಕಾಗಳು?"

"ಅವರೂ ಇರಲಿಲ್ರಿ."

"ಮತ್ತ ಬಡದವ್ರು ಯಾರು? ಚಂದಪ್ಪ ಒಬ್ಬನ?"

ಇಲ್ಲಿಗೆ ಮಾವ ಹೌದೆಂದು ಮುಗಿಸುತ್ತಾರೆ ಅಂದುಕೊಂಡೆ. ಅವರು ಅಂಗಿಯ ತೋಳು ಸರಿಸಿ ತಮ್ಮ ಮೊಣಕೈ ನೋಡಿಕೊಂಡರು. ಆಮೇಲೆ, "ಅವನೂ ಬಡೀಲಿಲ್ರಿ. ಬೈಕೋತ ಹಿಂದ ಸರದೆ, ಬದುವಿನ ಮ್ಯಾಲ ಕಾಲ ಜಾರಿತು. ನಾನ ಬಿದ್ದೇನಿ" ಎಂದರು.

ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಅಷ್ಟು ಚೊಕ್ಕ ಮಾತು ನಾನು ಕೇಳಿರಲಿಲ್ಲ. ನನಗೆ ನಿಜವಾಗಿಯೂ ಖುಷಿಯಾಯಿತು. ಬಸ್ಸಿನಲ್ಲಿ ಬರುವಾಗ ಅವರ ಪಕ್ಕದಲ್ಲಿ ತಲೆ ಎತ್ತಿ ಕೂತಿದ್ದೆ. ಮನೆಗೆ ಬಂದವಳೇ ಒಲೆ ಹೊತ್ತಿಸಿ ಬಿಸಿ ರೊಟ್ಟಿ ಬಡಿದು ಹಾಕಿದೆ.

ಯುವರಾಜನ ಹೆಸರನ್ನು ಕೇಸಿನಿಂದ ಕೈಬಿಟ್ಟರು. ಅವನು ತರಬೇತಿಗೆ ಹೋದ. ಅದರ ಬೆನ್ನಿಗೇ ಮಾವನಿಗೆ ಸಮನ್ಸ್ ಬಂತು. ಪೊಲೀಸರಿಗೆ ಸುಳ್ಳು ದೂರು ಕೊಟ್ಟ ಅಪರಾಧ. ಸುಳ್ಳೆಂದು ಸ್ವತಃ ಆರೋಪಿಯೇ ಒಪ್ಪಿಕೊಂಡಿದ್ದಾನೆ, ಬೇರೆ ಸಾಕ್ಷಿ ಏಕೆ ಬೇಕು? ವಯಸ್ಸಾದ ಮನುಷ್ಯ ಈಗ ತಾರೀಖು ಬಂದಾಗಲೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುದ್ದೇಬಿಹಾಳದ ಕೋರ್ಟಿಗೆ ಹೋಗುತ್ತಾರೆ, ಹೆಸರು ಕೂಗಿದಾಗ ಕೈ ಮುಗಿದು ನಿಲ್ಲುತ್ತಾರೆ. ಕಟ್ಟೆಗೆ ದೂರು ಬರೆಸಲು ಜನ ಬರುವುದು ನಿಂತಿತು. ಬರೆಯುವುದೇನೂ ನಿಂತಿಲ್ಲ, ಸಿದ್ದಲಿಂಗ ಬರೆಯುತ್ತಾನೆ. ಮನೆಮಂದಿಯೆಲ್ಲರ ಹೆಸರೂ ಹಾಕುತ್ತಾನಂತೆ.

ಆದರೆ ಚಂದಪ್ಪನ ಕೌಂಟರ್ ಕೇಸು ಹಾಗೇ ಇತ್ತು! ನನ್ನ ಗಂಡನಿಂದ ಶಿಕ್ಷಣ ಇಲಾಖೆಯವರು ಉತ್ತರ ಕೇಳಿದರು. ಬಡ್ತಿ ತಡೆದರು. ನಾನು ಸಿಟ್ಟಿನಲ್ಲೇ ಚಂದಪ್ಪನ ಕುರಿಹಟ್ಟಿಗೇ ಹೋದೆ.

"ಕಾಕಾ, ನಮ್ಮವ್ರು ಅವತ್ತ ಸಾಲ್ಯಾಗಿದ್ರು. ನಿಮಗೂ ಗೊತ್ತೈತಿ."

"ಗೊತ್ತೈತಿ ತಂಗಿ. ನಿಮ್ಮ ಮಾವಾನೂ ನನ್ನ ಮುಟ್ಟಿಲ್ಲ."

"ಹಂಗಾದ್ರ ಹೋಗಿ ಹೇಳ್ರಿ. ನಿಮ್ಮ ಮಗನ ಸಲುವಾಗಿ ನಮ್ಮ ಮಾವ ಹೇಳಿದ್ರಲ್ಲ!"

ಚಂದಪ್ಪ ಮರಿಯೊಂದನ್ನು ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ. "ಹೇಳಿದವ್ರಿಗೆ ಏನಾತು, ನೋಡಾಕತ್ತೇನಲ್ಲವಾ. ಪೊಲೀಸ್ ಆಗಾಕ ಹೊಂಟವನ ಅಪ್ಪನ ಮ್ಯಾಲ ಸುಳ್ಳ ದೂರಿನ ಕೇಸು ಬಿದ್ರ, ನನ್ನ ಮಗನ ಗತಿ ಏನು? ನೀನ ಹೇಳು."

ಆ ಸಿಟ್ಟಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ಒದರುತ್ತ ಮನೆಗೆ ಬಂದೆ.

ಮಾವ ಖಾಲಿ ಕಟ್ಟೆಯ ಮೇಲೆ ಕೂತಿದ್ದರು. "ಏನಂದ?" ಎಂದು ಕೇಳಿದರು. ಅವನು ಅಂದದ್ದನ್ನು ಅಂದಂತೆಯೇ ಹೇಳಿದೆ.

ಅವರು ನನ್ನನ್ನು ಬೈಯಲಿಲ್ಲ.

"ಶ್ಯಾಣ್ಯಾ ಅದಾನ ಬಿಡು," ಎಂದರು. "ಅವನ ಮನ್ಯಾಗ ನಿನ್ನಂಥಾ ಸೊಸಿ ಇಲ್ಲ."