ರಿವರ್ಸ್ ಗೇರಿನ ಜಯಸಿಂಹರೂ ತಿರುಗುವ ನದಿಯೂ

ಟ್ರಾಯ್ ಊರಿನ ಜಯಸಿಂಹರು ಇಪ್ಪತ್ತೇಳು ವರ್ಷ ಕಾರುಗಳನ್ನು ಹಿಂದಕ್ಕೆ ಓಡಿಸುವ ವಿದ್ಯೆ ಸಾಧಿಸಿದವರು. ಗೇರ್‌ಬಾಕ್ಸ್ ಕಂಪನಿಯಲ್ಲಿ ಉಳಿದ ಎಂಜಿನಿಯರುಗಳು ಒಂದು, ಎರಡು, ಐದನೆಯ ಗೇರುಗಳನ್ನು ಹಂಚಿಕೊಂಡು ಮುಂದೆ ಹೋದರು. ರಿವರ್ಸ್ ಗೇರು ಇವರ ಪಾಲಿಗೆ ಬಂತು. ಹಿಂದಕ್ಕೆ ಹೋಗುವಾಗ ಕಾರು ‘ಕುಂಯ್’ ಎಂದು ಕೊರಗುತ್ತದಲ್ಲ, ಆ ಕೊರಗನ್ನು ಅಡಗಿಸುವುದೇ ಅವರ ಜೀವಮಾನದ ಮಹಾಸಮರ. ಇಪ್ಪತ್ತೇಳು ವರ್ಷ ಹೋರಾಡಿದರು. ಕೊರಗು ತಗ್ಗಿತು, ಸಾಯಲಿಲ್ಲ.

ಆದರೆ ಈ ಮಹಾನುಭಾವರು ಸ್ವತಃ ಒಂದಡಿಯೂ ಹಿಂದೆ ಸರಿದವರಲ್ಲ. ಒಮ್ಮೆ ಆನ್ ಆರ್ಬರ್‌ನಲ್ಲಿ ಒಂದು ಮದುವೆಗೆ ಹೊರಟವರು ಎಕ್ಸಿಟ್ ತಪ್ಪಿಸಿಕೊಂಡರು. ‘ಮುಂದೂ ರಸ್ತೆ ಇದೆ’ ಎಂದು ಹೋಗುತ್ತಲೇ ಇದ್ದು, ಮದುವೆ ಮನೆಯ ಬದಲು ಒಹಾಯೋ ರಾಜ್ಯವನ್ನೇ ತಲುಪಿ, ಪೆಟ್ರೋಲ್ ಬಂಕಿನ ಎದುರು ಚಿಪ್ಸ್ ತಿಂದು ಬಂದರು. ‘ತಪ್ಪಾಯಿತು’ ಎಂಬ ಪದವನ್ನು ಅವರ ಬಾಯಿಂದ ಕೇಳಲು ಪತ್ನಿ ವತ್ಸಲಾ ಮೂವತ್ಮೂರು ವರ್ಷದಿಂದ ಕಾದಿದ್ದರು. ಅವರು ಫಾರ್ಮಸಿಸ್ಟ್, ಮದ್ದು ಕೆಲಸ ಮಾಡಲು ಸಮಯ ಬೇಕೆಂದು ಬಲ್ಲವರು.

ಕಳೆದ ಯುಗಾದಿಯಂದು ಅನಾಹುತವಾಯಿತು. ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗಳು ಆಶ್ರಿತಾ, ಅಳಿಯ ಸಾಕೇತ್ ಹೊಸ ಎಲೆಕ್ಟ್ರಿಕ್ ಕಾರು ಕೊಂಡಿದ್ದರು. ಎಲೆಯ ಮುಂದೆ ಕೂತ ಜಯಸಿಂಹರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಇದರ ರಿವರ್ಸ್ ಗೇರು ಯಾರು ಮಾಡಿದ್ದಮ್ಮಾ?” ಎಂದರು.

“ಅಪ್ಪಾ, ಇದಕ್ಕೆ ರಿವರ್ಸ್ ಗೇರೇ ಇಲ್ಲ. ಮೋಟರ್ ಉಲ್ಟಾ ತಿರುಗತ್ತೆ, ಅಷ್ಟೇ. ಸೋ ಸಿಂಪಲ್!”

ಸೋ ಸಿಂಪಲ್! ಇಪ್ಪತ್ತೇಳು ವರ್ಷ ಎರಡೇ ಪದಗಳಲ್ಲಿ ಮುಗಿದುಹೋಯಿತು. ಜಯಸಿಂಹರು ಅರ್ಧ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟೆದ್ದು, “ರಿವರ್ಸ್ ಗೇರಿಲ್ದಿರೋದು ಕಾರೇ ಅಲ್ಲ ಅಂತ ನೀನು ಒಪ್ಪೋವರ್ಗೂ ಈ ಹೊಸ್ತಿಲು ತುಳಿಯಲ್ಲ” ಎಂದು ಶಪಥ ಮಾಡಿ, ಇನ್ನೂರ ತೊಂಬತ್ತು ಮೈಲಿ ಒಂದೇ ಉಸಿರಿಗೆ ಓಡಿಸಿಕೊಂಡು ಬಂದರು.

ಗಣೇಶನ ಹಬ್ಬ ಬಂತು, ಹೋಗಲಿಲ್ಲ. ಅತ್ತ ಅವರ ಮೊಮ್ಮಗಳು ತನ್ಮಯಿ ತೆವಳುವುದು ಬಿಟ್ಟು ನಡೆಯತೊಡಗಿದಳು. ವತ್ಸಲಾ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಜಯಸಿಂಹರು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದರು. ಹಾಗಾಗಿಯೇ ಒಂದು ಸಂಜೆ ಆ ಮಾತು ಅವರ ಕಿವಿಗೆ ಬಿತ್ತು. “ಅಮ್ಮಾ, ಇವಳು ಯಾರ ಫೋಟೋ ತೋರ್ಸಿದ್ರೂ ತಾತ ಅಂತಾಳೆ. ಪಕ್ಕದ್ಮನೆ ನಾಯೀಗೂ ತಾತ ಅಂತಾಳೆ. ಅಪ್ಪನ ಫೋಟೋ ತೋರ್ಸಿದ್ರೆ ಮಾತ್ರ ಸುಮ್ನಿರ್ತಾಳೆ.”

ಆ ರಾತ್ರಿ ಅವರು ಚಪಾತಿ ಮುಟ್ಟಲಿಲ್ಲ. ಆದರೆ ಶಪಥ ಶಪಥವೇ. ಹಿಂದೆಗೆಯಲು ಮನಸ್ಸಿದೆ, ಗೇರು ಬೀಳುತ್ತಿಲ್ಲ.

ಇದನ್ನು ನೋಡಿಯೇ ವತ್ಸಲಾ ಕಾಂಬೋಡಿಯಾದ ನದಿಯಾತ್ರೆ ಬುಕ್ ಮಾಡಿದ್ದು. ಅಲ್ಲಿ ಮೆಕಾಂಗ್ ಮಹಾನದಿಗೆ ಟೊನ್ಲೆ ಸಾಪ್ ಎಂಬ ನದಿ ಬಂದು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಈ ನದಿಯನ್ನೇ ಹಿಂದಕ್ಕೆ ತಳ್ಳಿಬಿಡುತ್ತದೆ. ನೀರೆಲ್ಲ ಮೇಲಿನ ದೊಡ್ಡ ಸರೋವರಕ್ಕೆ ನುಗ್ಗುತ್ತದೆ. ಮಳೆ ನಿಂತ ಮೇಲೆ ನದಿ ಮತ್ತೆ ತಿರುಗಿ ಸಮುದ್ರದ ದಾರಿ ಹಿಡಿಯುತ್ತದೆ.

“ನೀರು ಹಿಂದಕ್ಕೆ ಹೋಗತ್ತಾ? ಯಾವ ಗೇರಲ್ಲಿ?” ಎಂದು ನಕ್ಕರು ಜಯಸಿಂಹರು.

“ಗೇರಿಲ್ದೆ.”

“ನಿನ್ನ ಮಗಳ ಕಾರಿನ ಥರ?”

“ಹೂಂ, ನಿಮ್ಮ ಮಗಳ ಕಾರಿನ ಥರಾನೇ. ಕಣ್ಣಾರೆ ನೋಡಿದ್ರೆ ಅವಳ ಮನೆಗೆ ಬರ್ತೀರಾ?”

“ನನ್ನ ಕಣ್ಣೆದುರಿಗೆ ತಿರುಗ್ಬೇಕು. ಆಮೇಲೆ ತಿರುಗ್ತು ಅಂತ ಯಾರೋ ಹೇಳಿದ್ರೆ ಆಗಲ್ಲ.”

“ಆಗ್ಲಿ” ಎಂದರು ವತ್ಸಲಾ.

ಸ್ಟಾಪ್‌ವಾಚ್, ಅಳತೆ ಟೇಪು, ದುರ್ಬೀನುಗಳಿಂದ ಸಜ್ಜಾಗಿ ಜಯಸಿಂಹರು ಯುದ್ಧಕ್ಕೆ ಹೊರಟರು. ವತ್ಸಲಾರ ಸೂಟ್‌ಕೇಸಿನಲ್ಲಿ ಮೈಸೂರಿನಿಂದ ತರಿಸಿದ ಮೊರದ ಬಾಗಿನವಿತ್ತು. ಬಳೆ, ಬಾಚಣಿಗೆ, ಕನ್ನಡಿ, ಅರಿಶಿನ ಕುಂಕುಮ, ರವಿಕೆ ಕಣ. ಮೇಲೊಂದು ಮೊರ ಮುಚ್ಚಿ ದಾರ ಸುತ್ತಿತ್ತು. ತುಂಬಿದ ನದಿಯ ಬಳಿ ಬರಿಗೈಯಲ್ಲಿ ಹೋಗುವುದು ಅವರ ಮನೆತನದಲ್ಲಿಲ್ಲ, ಆ ನದಿ ಯಾವ ದೇಶದ್ದಾದರೇನು.

ನದಿ ಅಗಲವಾಗಿ, ಚಹಾದ ಬಣ್ಣದಲ್ಲಿ, ಸುಮ್ಮನೆ ಬಿದ್ದುಕೊಂಡಿತ್ತು. ಇಕ್ಕೆಲದಲ್ಲೂ ತಾಳೆಮರಗಳು, ಉದ್ದ ಕಂಬಗಳ ಮೇಲೆ ನಿಂತ ಮನೆಗಳು, ಸೊಂಟದ ತನಕ ನೀರಿನಲ್ಲಿ ಮುಳುಗಿ ನಿಂತ ಮರಗಳು. ಮುಂದೆ ಊರಿಗೆ ಊರೇ ತೇಲುತ್ತಿತ್ತು: ತೇಲುವ ಅಂಗಡಿ, ತೇಲುವ ಶಾಲೆ, ತೇಲುವ ಹಂದಿಗೂಡು. ಗಾಳಿಯ ತುಂಬ ಹುದುಗು ಬಂದ ಮೀನಿನ ವಾಸನೆ. ಜಯಸಿಂಹರು ಮೂಗಿನ ಕೆಳಗೆ ಅಮೃತಾಂಜನ ಹಚ್ಚಿಕೊಂಡೇ ವಿಜ್ಞಾನ ನಡೆಸಿದರು. ದಿನಕ್ಕೆ ಮೂರು ಸಲ ನೀರಿಗೆ ಬಿಸ್ಕತ್ತು ಹಾಕಿ ವೇಗ ಅಳೆದರು. ಅಳೆಯುವುದರೊಳಗೆ ಮೀನುಗಳು ಸಾಕ್ಷ್ಯನಾಶ ಮಾಡುತ್ತಿದ್ದವು.

“ನದಿ ನ್ಯೂಟ್ರಲ್‌ನಲ್ಲಿದೆ” ಎಂದು ಮೂರನೆಯ ದಿನ ಘೋಷಿಸಿದರು.

“ಈ ವರ್ಷ ಮಳೆ ತಡ, ಅಂಕಲ್” ಎಂದ ಗೈಡ್ ದಾರಾ. “ಅದರ ಮನಸ್ಸಿಗೆ ಬಂದಾಗ ಸಮುದ್ರದ ಕಡೆ ತಿರುಗುತ್ತೆ.”

“ನದೀಗೆ ಮನಸ್ಸಿರಲ್ಲಪ್ಪ, ಒತ್ತಡ ಇರತ್ತೆ.”

“ನಮ್ಮ ಯಜಮಾನ್ರಿಗೆ ಎರಡೂ ಇದೆ. ಆದ್ರೂ ತಿರುಗಲ್ಲ” ಎಂದರು ವತ್ಸಲಾ.

ಕಾರ್ತಿಕ ಹುಣ್ಣಿಮೆಯ ಬೆಳಿಗ್ಗೆ ದೋಣಿ ತೇಲುವ ಊರಿನ ಬಳಿ ಲಂಗರು ಹಾಕಿತ್ತು. ವತ್ಸಲಾ ಸೀರೆಯುಟ್ಟು, ಬಾಗಿನಕ್ಕೆ ಸೆರಗು ಹಿಡಿದು, ನೀರಿಗೆ ಬಿಟ್ಟರು. ಮೊರ ನಿಧಾನವಾಗಿ ಸರೋವರದ ಕಡೆಗೇ ತೇಲಿತು. ಜಯಸಿಂಹರು ಸ್ಟಾಪ್‌ವಾಚ್ ಒತ್ತಿ, “ನೋಡ್ದ್ಯಾ? ಮೇಲಕ್ಕೇ ಹೋಗ್ತಿದೆ. ತಿರುಗಿಲ್ಲ!” ಎಂದು ವಿಜಯೋತ್ಸವಕ್ಕಾಗಿ ಒಳಗೆ ಹೋಗಿ ಕಾಫಿ ಬೆರೆಸಿಕೊಂಡರು.

ಇಪ್ಪತ್ತು ನಿಮಿಷದ ಮೇಲೆ, ಹಬೆಗೆ ಮಂಜಾದ ಕನ್ನಡಕವನ್ನು ಹಣೆಗೇರಿಸಿ ಅವರು ಹೊರಗೆ ಬಂದು ನೋಡುತ್ತಾರೆ: ಮೊರ ವಾಪಸು ಬರುತ್ತಿದೆ! ಸರೋವರದ ಕಡೆಯಿಂದ, ನೆಟ್ಟಗೆ, ದೋಣಿಗೇ ಗುರಿಯಿಟ್ಟು!

“ತಿರುಗ್ತು! ವತ್ಸಲಾ, ನದಿ ತಿರುಗ್ತು! ನಾನು ಸೋತೆ! ತಪ್ಪಾಯ್ತು ಕಣೇ, ತಪ್ಪಾಯ್ತು!”

ಡೆಕ್ಕಿನಲ್ಲಿದ್ದ ಹನ್ನೆರಡು ದೇಶಗಳ ಪ್ರವಾಸಿಗರು ಎದ್ದು ನಿಂತರು. ಮೂವತ್ಮೂರು ವರ್ಷದ ಮದ್ದು ಕೆಲಸ ಮಾಡಿತ್ತು. ವತ್ಸಲಾ ಶಾಂತವಾಗಿ ಗಂಡನ ಹಣೆಯಿಂದ ಕನ್ನಡಕವನ್ನು ಮೂಗಿಗೆ ಇಳಿಸಿದರು.

ಮೊರ ಒಂದು ಸಣ್ಣ ನಾಡದೋಣಿಯ ಮೂತಿಯ ಮೇಲಿತ್ತು. ಹಿಂದೆ ಕೂತು ಹುಟ್ಟು ಹಾಕುತ್ತಿದ್ದದ್ದು ಊರಿನ ಒಬ್ಬ ಹೆಂಗಸು. ಯಾರೋ ಪಾಪದ ಪ್ರವಾಸಿಯ ಸಾಮಾನು ನೀರಿಗೆ ಬಿದ್ದುಹೋಗಿದೆ ಎಂದು ತಿಳಿದು, ಹಿಡಿದು ಒರೆಸಿ, ಹಿಂದಿರುಗಿಸಲು ಬಂದಿದ್ದಳು.

“ಇದು ಲೆಕ್ಕಕ್ಕಿಲ್ಲ!” ಎಂದರು ಜಯಸಿಂಹರು. “ನದಿ ತಿರುಗಿಲ್ಲ, ಅದಕ್ಕೆ ಡ್ರೈವರ್ ಇದ್ದ್ಲು. ನಾನು ಹೇಳಿದ್ದು ವಾಪಸ್.”

“ಏನಂದ್ರಿ? ವಾಪಸ್ಸಾ? ಇನ್ನೊಂದ್ಸಲ ಹೇಳಿ, ನಿಮ್ಮ ಬಾಯಲ್ಲಿ ಚೆನ್ನಾಗಿದೆ.”

ದೋಣಿ ಘೊಳ್ಳೆಂದಿತು, ಮುಖ್ಯವಾಗಿ ಭಾಷೆ ಬಾರದವರು. ವತ್ಸಲಾ, “ನದಿ ತಾನೇ ಬಂದು ಕೈಯಲ್ಲಿ ತಗೊಳ್ತಿದಾಳೆ” ಎಂದು ಆ ಹೆಂಗಸಿಗೆ ಕುಂಕುಮವಿಟ್ಟು ಬಾಗಿನ ಕೊಟ್ಟರು. ಅವಳು ಬಳೆ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು ನಕ್ಕಳು. ಬರಿಮೊರ ಹಿಂದೆ ಕೊಡಬಾರದೆಂಬುದು ಅಲ್ಲಿಯ ಮರ್ಯಾದೆಯೂ ಇರಬೇಕು. ಮೇಲಿನ ಮೊರವನ್ನು ತುಂಬಿಸಿ ಕೊಟ್ಟಳು. ತಾವರೆಕಾಯಿ, ತಾಳೆಬೆಲ್ಲ, ಎರಡು ಹಿಡಿ ಒಣಮೀನು. ವತ್ಸಲಾ ಉಸಿರು ಬಿಗಿಹಿಡಿದು, ಸೆರಗಿನಲ್ಲೇ ಸ್ವೀಕರಿಸಿದರು. ಮೀನನ್ನು ದಾರಾ ತಾನೇ ಇಟ್ಟುಕೊಂಡು ಅವರನ್ನು ಪಾರುಮಾಡಿದ.

ನದಿ ನಿಜವಾಗಿ ತಿರುಗಿದ್ದು ಎರಡು ದಿನದ ಮೇಲೆ. ಯಾರೂ ನೋಡಲಿಲ್ಲ. ಎಲ್ಲರೂ ತಿಂಡಿ ತಿನ್ನುತ್ತಿದ್ದಾಗಲೋ, ಹಲ್ಲುಜ್ಜುತ್ತಿದ್ದಾಗಲೋ ಆಗಿಹೋಗಿತ್ತು. ದಾರಾ ಬೆರಳು ತೋರಿಸಿದ: ನಿನ್ನೆ ಮೇಲಕ್ಕೆ ಹೋಗುತ್ತಿದ್ದ ಅಂತರಗಂಗೆಯ ಗಿಡಗಳು, ನೇರಳೆ ಹೂವಿನ ಸಮೇತ, ಸಮುದ್ರದ ಕಡೆ ಹೊರಟಿದ್ದವು. ಜಯಸಿಂಹರು ಸ್ಟಾಪ್‌ವಾಚ್ ತೆಗೆಯಲಿಲ್ಲ. ಕಟಕಟೆಗೆ ಒರಗಿ ಬಹಳ ಹೊತ್ತು ಕಿವಿಗೊಟ್ಟು ನಿಂತರು.

“ಏನು ಕೇಳ್ತಿದೀರಾ?” ಎಂದರು ವತ್ಸಲಾ.

“ಸದ್ದೇ ಇಲ್ಲ ಕಣೇ. ಇಷ್ಟು ದೊಡ್ಡದು ತಿರುಗಿದೆ, ಒಂದು ಕುಂಯ್ ಅಂತಲೂ ಇಲ್ಲ.” ನೆಟ್ಟಗೆ ನಿಂತು, “ಕಣ್ಣೆದುರಿಗೆ ತಿರುಗ್ಲಿಲ್ಲ, ಅದು ನೆನಪಿರ್ಲಿ” ಎಂದರು.

“ನೆನಪಿದೆ.”

“ಶನಿವಾರ ಹೋಗಿ ಆ ತಾಳೆಬೆಲ್ಲ ಕೊಟ್ಟು ಬರೋಣ. ಮಳೆಗಾಲದ ಬೆಲ್ಲ, ನೀರು ಬಿಟ್ಟುಬಿಡತ್ತೆ.”

ಶನಿವಾರ ಮಧ್ಯಾಹ್ನ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗಳ ಮನೆಯನ್ನು ಅವರ ಹಳೇ ಕಾರು ದಾಟಿಹೋಯಿತು. ತಿರುಗಿಸಲಿಲ್ಲ, ಬಡಾವಣೆ ಪೂರ್ತಿ ಸುತ್ತಿ ಬಂದು ಮತ್ತೆ ದಾಟಿಹೋಯಿತು. ವತ್ಸಲಾ ಬೆಲ್ಲದ ಪೊಟ್ಟಣ ಹಿಡಿದಿದ್ದರು. ಮೂರನೆಯ ಸಲ ಮನೆಯಿಂದ ಅರವತ್ತಡಿ ಮುಂದೆ ಹೋಗಿ ಕಾರು ನಿಂತಿತು. ಜಯಸಿಂಹರು ಒಂದು ನಿಮಿಷ ಸ್ಟಿಯರಿಂಗನ್ನೇ ನೋಡಿದರು. ಬಳಿಕ ತಾವೇ ಡಿಸೈನ್ ಮಾಡಿದ ಗೇರನ್ನು ಹಾಕಿದರು. ಕಾರು ಬೀದಿಯುದ್ದಕ್ಕೂ ಕುಂಯ್ಯೆಂದು ಕೊರಗುತ್ತಾ, ಅಂಚೆ ಡಬ್ಬಿಯೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿ, ಹಿಂದುಹಿಂದಾಗಿ ಮಗಳ ಡ್ರೈವ್‌ವೇ ಪ್ರವೇಶಿಸಿತು.

ಬಾಗಿಲು ತೆರೆಯಿತು. “ನಾನು ಸೌಂಡ್‌ನಲ್ಲೇ ಕಂಡುಹಿಡಿದೆ” ಎಂದಳು ಆಶ್ರಿತಾ. ಕಣ್ಣು ತುಂಬಿದ್ದರೂ ಬಾಯಿ ಸುಮ್ಮನಿರಲಿಲ್ಲ. “ಅಪ್ಪಾ, ನಿನ್ನ ಗೇರು ಇನ್ನೂ ಎಷ್ಟು ಸದ್ದು ಮಾಡತ್ತೆ!”

“ಹಿಂದೆ ಬರ್ತಿದೀನಿ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಮಗಳೇ. ನಿನ್ನ ಕಾರಿನ ಹಾಗೆ ಕಳ್ಳ ಹೆಜ್ಜೆ ಅಲ್ಲ.”

ಆಶ್ರಿತಾಳ ಕಾಲ ಸಂದಿಯಿಂದ ತನ್ಮಯಿ ಓಲಾಡುತ್ತಾ ಬಂದು, ಕಾರನ್ನೂ ಕಾರಿನಿಂದಿಳಿದ ಮನುಷ್ಯನನ್ನೂ ನೋಡಿದಳು. ಜಯಸಿಂಹರು ಮೊಣಕಾಲೂರಿ ಕೂತರು. ಮಗು ಬೆರಳು ಚಾಚಿ, ತುಟಿ ಚೂಪು ಮಾಡಿ, “ಕುಂಯ್!” ಎಂದಿತು.

ಅಂದಿನಿಂದ ಆ ಮನೆಯಲ್ಲಿ ಅವರಿಗೆ ಅದೇ ಹೆಸರು. ತಾತ ಎಂಬ ಬಿರುದನ್ನು ಈಗಲೂ ಪಕ್ಕದ ಮನೆಯ ನಾಯಿಯೇ ಅನುಭವಿಸುತ್ತಿದೆ.