ನಮ್ಮ ಮನಿಯವರು ಅಂದಾರ
ಭಾಲ್ಕಿಯ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತರೆ, ಅನಸೂಯಾಬಾಯಿ ಯಾರಿಗೋ ಬುದ್ಧಿ ಹೇಳಲು ಎದ್ದಿದ್ದಾರೆ ಎಂದೇ ಅರ್ಥ. ಆದರೆ ಅವರ ಯಾವ ಮಾತೂ ಅವರದಲ್ಲ. "ನಮ್ಮ ಮನಿಯವರು ಅಂದಾರ್ರಿ" ಎಂದೇ ಶುರು. ಯಾವ ಸೀರೆಗೆ ಯಾವ ಅಂಚು ಒಪ್ಪುತ್ತದೆ, ಬಾಣಂತಿಗೆ ಯಾವ ಪಲ್ಯ ಆಗಿಬರುವುದಿಲ್ಲ, ಎಲ್ಲವನ್ನೂ ಅವರ ಗಂಡ ನಾರಾಯಣರಾವ್ ಅಂದಿರುತ್ತಾರೆ. ದಿನಕ್ಕೆ ನಾಲ್ಕು ಮಾತಾಡದ ಆ ಮನುಷ್ಯ ಓಣಿಗೆಲ್ಲ ದೊಡ್ಡ ಜ್ಞಾನಿ. "ನಿನ್ನ ಗಂಡ ಎಷ್ಟ ಹಡದಾನ ಬಾಯಿ?" ಎಂದು ಪಕ್ಕದ ಮನೆಯ ಕುಬರಾ ನಗುತ್ತಾಳೆ. ಮೊನ್ನೆ ಹಲಬರ್ಗಾದಿಂದ ಬಂದ ಭಾವ, ಅನಸೂಯಾಬಾಯಿಯ ಮಗಳು ಮಾನಸಿಗೆ ಓದು ಸಾಕು, ವರ ನೋಡಿದ್ದೇನೆ ಎಂದರು. "ಪೋರಿ ಬೀದರದಾಗ ಇನ್ನೂ ಓದಲಿ ಅಂತ ನಮ್ಮ ಮನಿಯವರು ಅಂದಾರ್ರಿ." ಭಾವ ನೇರವಾಗಿ ತಮ್ಮನತ್ತ ತಿರುಗಿದರು: "ಖರೇನ ಅಂದೀಯೇನೋ?" ಅನಸೂಯಾಬಾಯಿ ಸೆರಗಿನ ತುದಿ ಬಿಗಿಯಾಗಿ ಹಿಡಿದರು. ಈ ವಿಷಯವನ್ನು ಗಂಡನ ಕಿವಿಗೆ ಅವರಿನ್ನೂ ಹಾಕಿಯೇ ಇರಲಿಲ್ಲ. ನಾರಾಯಣರಾವ್ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಹೂಂ ಅಣ್ಣಾ, ನಾನೇ ಅಂದೀನಿ. ಮತ್ತ ಏನೇನ ಅಂದೀನಿ, ಆಕೀನ್ನ ಕೇಳು." ಭಾವ "ಅಲ್ಲವ್ವಾ ಅನಸೂಯಾ, ಹಾಸ್ಟೆಲಿನಾಗ ಪೋರಿ ಒಬ್ಬಾಕಿನೇ..." ಎನ್ನುವಷ್ಟರಲ್ಲಿ, ಅನಸೂಯಾಬಾಯಿ ಮಗಳ ಕೈ ಹಿಡಿದು ಬೀದರಿನ ಬಸ್ಸಿಗೆ ಹೊರಟೇಬಿಟ್ಟಿದ್ದರು.