ಮಹದೇವಣ್ಣನಿಗೆ ಹೇಳದೆ ಬಿಟ್ಟ ಮೂರು ಗಂಟೆ

ಕೋವಿಡ್ ನಿರ್ಬಂಧಗಳು ತೆರವಾದ ಮರುವರ್ಷ ನಾನು ಕೆರಿಬಿಯನ್ ಸಮುದ್ರದಲ್ಲಿ ಸಂಚರಿಸುವ ಸರಕು ಹಡಗೊಂದರಲ್ಲಿ ಸೆಕೆಂಡ್ ಆಫೀಸರ್ ಹುದ್ದೆಯಲ್ಲಿದ್ದೆ. ನಾನು ಚಾಮರಾಜನಗರ ತಾಲ್ಲೂಕಿನ ಹರದನಹಳ್ಳಿಯವನು. ವರದಿ ಬರೆದು ಗೊತ್ತೇ ಹೊರತು ಲೇಖನ ಬರೆದು ಅಭ್ಯಾಸವಿಲ್ಲ. ಆದ್ದರಿಂದ ನಡೆದುದನ್ನು ನಡೆದ ಕ್ರಮದಲ್ಲೇ ಓದುಗರ ಅವಗಾಹನೆಗೆ ತರುತ್ತಿದ್ದೇನೆ.

ಸದರಿ ಹಡಗಿನ ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಮಹದೇವಪ್ಪ. ನನಗಿಂತ ಹದಿನೈದು ವರ್ಷ ಹಿರಿಯರು. ಎಲ್ಲರೆದುರು ನನ್ನನ್ನು ‘ಸರ್’ ಎನ್ನುತ್ತಿದ್ದವರು ಇಬ್ಬರೇ ಇದ್ದಾಗ ‘ಸಿವು’ ಎನ್ನುತ್ತಿದ್ದರು. ನನಗೆ ಅವರು ಮಹದೇವಣ್ಣ.

ಅಟ್ಲಾಂಟಿಕ್ ಪ್ರದೇಶದಲ್ಲಿ ಚಂಡಮಾರುತವನ್ನು ಹರಿಕೇನ್ ಎನ್ನುತ್ತಾರೆ. ಅದರ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಆಗ ಆರು ಗಂಟೆಗೊಮ್ಮೆ ಬರುವ ಮುನ್ಸೂಚನೆಯನ್ನು ನಕ್ಷೆಯ ಮೇಲೆ ಗುರುತಿಸುವುದು ನನ್ನ ಕರ್ತವ್ಯ. ಬಿರುಗಾಳಿ ಸಾಗುವ ದಾರಿಯ ಗೆರೆ ಎಳೆದರೆ ಸಾಲದು, ಗೆರೆಯ ಸುತ್ತ ವೃತ್ತವನ್ನೂ ಬರೆಯಬೇಕು. ಒಂದು ದಿನದ ಮುನ್ಸೂಚನೆಗೆ ನೂರು ನಾಟಿಕಲ್ ಮೈಲಿ, ಎರಡು ದಿನದ್ದಕ್ಕೆ ಇನ್ನೂರು, ಮೂರು ದಿನದ್ದಕ್ಕೆ ಮುನ್ನೂರು ತಪ್ಪಬಹುದೆಂದು ಹಿಡಿದು, ಬಿರುಗಾಳಿ ಹರಡಿರುವ ದೂರವನ್ನು ಅದಕ್ಕೆ ಕೂಡಿಸಿ, ಆ ವೃತ್ತದಿಂದ ಹಡಗನ್ನು ಹೊರಗಿಡಬೇಕು. ಇದು ನಾವಿಕರ ನಿಯಮ.

ಆ ಸಲ ಎಂಜಿನ್ ದುರಸ್ತಿಗೆ ಬಂದು ವೇಗ ಕುಗ್ಗಿತು. ವೃತ್ತದಿಂದ ಪೂರ್ತಿ ಹೊರಬರಲು ಆಗಲಿಲ್ಲ. ಮಧ್ಯಾಹ್ನ ಹನ್ನೆರಡರ ಮುನ್ಸೂಚನೆಯಂತೆ ಬಿರುಗಾಳಿಯ ಅಂಚು ಸಂಜೆ ಆರಕ್ಕೆ ನಮ್ಮನ್ನು ಮುಟ್ಟಬೇಕಿತ್ತು. ತಪ್ಪಿನ ಅಂದಾಜು ಸೇರಿಸಿದರೆ ಮೂರಕ್ಕೇ ಮುಟ್ಟಬಹುದಿತ್ತು. ಕ್ಯಾಪ್ಟನ್‌ಗೆ ನಾನು ಇಂಗ್ಲಿಷಿನಲ್ಲಿ ಎರಡನ್ನೂ ತಿಳಿಸಿದೆ. ಮೂರು ಗಂಟೆಯೊಳಗೆ ಡೆಕ್ ಮೇಲೆ ಹೇರಿದ್ದ ಸರಕಿನ ಪೈಪುಗಳನ್ನು ಸರಪಳಿಯಿಂದ ಬಿಗಿದು, ಎಲ್ಲರೂ ಒಳಗಿರತಕ್ಕದ್ದೆಂದು ಅವರು ಆದೇಶಿಸಿದರು. ಅದನ್ನು ಬೋಸನ್‌ಗೆ ತಲುಪಿಸಲು ನಾನು ಕೆಳಗಿಳಿದೆ.

ಬೆಳಗಿನಿಂದ ಹಸಿದಿದ್ದ ಮಹದೇವಣ್ಣ ಪೈಪಿಗೆ ಒರಗಿ ನಿಂತಿದ್ದರು. ಪೈಪುಗಳನ್ನು ಬಿಗಿಯಬೇಕೆಂದು ಹೇಳಿದೆ.

“ಏನ್ಲಾ ಸಿವು, ಎಷ್ಟೊತ್ತು ಟೈಮದ?”

“ಆರು ಗಂಟವರ್ಗೂ ಏನಿಲ್ಲ ಕಣಣ್ಣ. ಹೈಕ್ಳು ಉಂಡ್ಕಳ್ಳಿ. ನೀನೂ ಉಣ್ಣು.”

“ನಿಮ್ಮೂರ್ ಬಸ್ಸೇ ಏಳಿದ್ ಟೈಮ್ಗ ಬರಲ್ಲ, ಗಾಳಿ ಬಂದದ?”

“ಇದು ಸ್ಯಾಟಲೈಟ್ ಲೆಕ್ಕ ಕಣಣ್ಣ.”

“ಆಗ್ಲಿ ಬುಡು. ನೀ ಏಳ್ದ ಮೇಲ ಆಯ್ತು.”

ಮೂರು ಗಂಟೆಯ ಮಾತು ನನ್ನ ಬಾಯಿಂದ ಬರಲಿಲ್ಲ. ಕ್ಯಾಪ್ಟನ್‌ಗೆ ಅಧಿಕಾರಿಯಾಗಿ ವರದಿ ಒಪ್ಪಿಸಿದ್ದೆ. ಮಹದೇವಣ್ಣನಿಗೆ ಮನೆಯವನಂತೆ ಸಮಾಧಾನ ಹೇಳಿದೆ.

ಅವರು ಉಂಡು, ಹುಡುಗರಿಗೂ ಉಣ್ಣಿಸಿ, ಒಂದೂವರೆಗೆ ಕೆಲಸ ಹಿಡಿಸಿದರು. ಮೂರೂಕಾಲಿಗೆ ಗಾಳಿ ಬಂತು. ಹುಡುಗರನ್ನೆಲ್ಲ ಒಳಗೆ ಕಳುಹಿಸಿ, ಉಳಿದಿದ್ದ ಕೊನೆಯ ಸರಪಳಿಯನ್ನು ಬಿಗಿಯಲು ಅವರೊಬ್ಬರೇ ನಿಂತರು. ಹಡಗು ನಡೆಸುವ ಮೇಲಿನ ಕೊಠಡಿಯಾದ ಬ್ರಿಡ್ಜ್‌ನ ಗಾಜಿನಿಂದ ನಾನು ನೋಡುತ್ತಿದ್ದೆ. ಅಲೆ ಡೆಕ್ಕನ್ನು ಮುಚ್ಚಿತು. ನೀರು ಇಳಿದಾಗ ಸರಪಳಿ ಇತ್ತು, ಅವರು ಇರಲಿಲ್ಲ. ಗಾಳಿ ತಗ್ಗಿದ ಮೇಲೆ ಎರಡು ದಿನ ಹುಡುಕಿದೆವು. ಸಿಗಲಿಲ್ಲ.

ವಿಚಾರಣೆಯಲ್ಲಿ ಲಾಗ್‌ಬುಕ್ ಪರಿಶೀಲಿಸಲಾಯಿತು. ಕ್ಯಾಪ್ಟನ್‌ರ ಆದೇಶ ಸ್ಪಷ್ಟವಾಗಿ ನಮೂದಾಗಿತ್ತು. “ಆದೇಶವನ್ನು ತಿಳಿಸಿದಿರಾ?” ಎಂದು ಕೇಳಿದಾಗ ನಾನು “ತಿಳಿಸಿದೆ” ಎಂದೆ. ಕನ್ನಡದಲ್ಲಿ ಆಡಿದ ಮಾತಿಗೆ ದಾಖಲೆ ಇರಲಿಲ್ಲ.

ಮಹದೇವಣ್ಣನ ಪೆಟ್ಟಿಗೆಯನ್ನು ಭೀಮನಬೀಡಿಗೆ ತಲುಪಿಸುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಅವರ ಪತ್ನಿ ಸುಂದ್ರಮ್ಮ ಪೆಟ್ಟಿಗೆಯನ್ನು ತೆರೆಯಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಕುಳಿತರು.

“ಗಾಳಿ ಬತ್ತದ ಅಂತ ಮುಂಚೇನೆ ಗೊತ್ತಾಯ್ತದಂತಲ್ಲಪ್ಪ ನಿಮ್ಗ. ಅವ್ರ್ಗ ಯಾರೂ ಏಳ್ನಿಲ್ವ?”

“ಏಳ್ಬೇಕಾದವನು ನಾನೇ ಕಣಕ್ಕ. ಮೂರು ಗಂಟಗೇ ಬರಬೌದು ಅಂತ ಗೊತ್ತಿತ್ತು. ಆರು ಅಂದ್ಬುಟ್ಟೆ.”

ಅವರು ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಕೇಳಿದರು.

“ಉಂಡಿದ್ರಾ?”

“ಉಂಡಿದ್ರು ಕಣಕ್ಕ. ಎರಡ್ಸಲ ಅನ್ನ ಇಕ್ಕುಸ್ಕಂಡ್ರು.”

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮರುದಿನವೇ ನಾನು ಕಂಪನಿಗೆ ಪತ್ರ ಬರೆದು, ಆಡಿದ ಮಾತನ್ನು ಆಡಿದಂತೆಯೇ ತಿಳಿಸಿದೆ. ನನ್ನ ಸೇವಾ ಕಡತದಲ್ಲಿ ತಪ್ಪು ನಮೂದಾಯಿತು. ಅದು ಸರಿಯಾದುದೇ.

ಮುನ್ಸೂಚನೆ ಎಂದರೆ ಸಮಯ ಮಾತ್ರವಲ್ಲ, ಅದು ಎಷ್ಟು ತಪ್ಪಬಹುದೆಂಬುದೂ ಅದರ ಭಾಗ. ನಮ್ಮವರೆಂಬ ಪ್ರೀತಿಯಿಂದ ಎರಡನೆಯದನ್ನು ನುಂಗಿಕೊಂಡರೆ ಮೊದಲನೆಯದು ಸುಳ್ಳಾಗುತ್ತದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಕಳೆದ ಸುಗ್ಗಿಯಲ್ಲಿ ನಾನು ರಜೆಯ ಮೇಲೆ ಊರಿನಲ್ಲಿದ್ದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದು ನಮ್ಮ ಜಿಲ್ಲೆಗೂ ಮಳೆಯ ಸೂಚನೆಯಿತ್ತು. ಸುಂದ್ರಮ್ಮ ಫೋನ್ ಮಾಡಿದರು.

“ರಾಗಿ ಕಣದಲ್ಲದ. ಮಳ ಎಷ್ಟೊತ್ಗಪ್ಪ?”

“ಸಾಯಂಕಾಲ ಅಂತ ಏಳವ್ರ ಕಣಕ್ಕ. ಮದ್ಯಾನಕ್ಕೇ ಬಂದ್ರೂ ಬರಬೌದು. ಬರ್ದೇನೂ ಇರಬೌದು.”

“ಅಂಗಾರ ಈಗ್ಲೇ ಮುಚ್ಬುಡನ,” ಎಂದರು.

ಫೋನ್ ಇಡುವುದನ್ನು ಮರೆತಿದ್ದರು. ಕಣದ ಮೇಲೆ ಟಾರ್ಪಾಲು ಎಳೆಯುವ ಸದ್ದು ನನಗೆ ಬಹಳ ಹೊತ್ತು ಕೇಳುತ್ತಿತ್ತು. ಅಂದು ಭೀಮನಬೀಡಿಗೆ ಮಳೆ ಬರಲೇ ಇಲ್ಲ. ಅದಕ್ಕಾಗಿ ಅವರು ನನ್ನನ್ನು ದೂರಲಿಲ್ಲ.